ಕಡ್ಲಿ ಪಲ್ಲೆಯ ತಕರಾರು

ಕಳೆದ ವರ್ಷ ಕಡಲೆ ಬಿತ್ತನೆಯಾದ ಮೇಲೆ ಮಣ್ಣಿನ ಮಾದರಿ ತರಲು ಅಫಜಲಪುರದ ಕಡೆ ಹೋದೆ. ಭೀಮಾ ದಂಡೆಯ ಊರಿನಲ್ಲಿರುವ ನನ್ನ ಸೋದರಮಾವ ಮತ್ತು ಅತ್ತೆ ಆಗ ಮಾತು ಬಿಟ್ಟಿದ್ದರು. ಕೂತದ್ದು ಒಂದೇ ಪಡಸಾಲೆಯಲ್ಲಿ. ಮಾತು ಮಾತ್ರ ನನ್ನ ಮೂಲಕ ಹೋಗಬೇಕು.

“ನಿಮ್ಮ ಮಾವಗ ಕೇಳು, ಔಷಧ ಹೊಡಿಯೋ ಪಂಪ್ ಯಾಕ ಹಸೀ ಇತ್ತು ಅಂತ.”

“ನಿಮ್ಮ ಅತ್ತಿಗ ಹೇಳು, ಬಾಜೂ ಹೊಲದವರು ಒಯ್ದಿದ್ರು. ಈ ವರ್ಷ ನಾ ಒಂದು ಹನಿ ಹೊಡೆದಿಲ್ಲ.”

“ಹಂಗಾದ್ರ ಪಲ್ಲೆ ನಿಮ್ಮ ಮಾವನೇ ಚಿವುಟಿ ತಿನ್ಲಿ. ನಾ ಆ ಹೊಲಕ್ಕ ಕಾಲಿಡಂಗಿಲ್ಲ.”

ಕಡಲೆ ಗಿಡದ ಎಳೆ ಕುಡಿಯನ್ನು ಹೆಂಗಸರು ಪಲ್ಲೆಗೆಂದು ಚಿವುಟಿ ಉಡಿಯಲ್ಲಿ ತುಂಬಿಕೊಳ್ಳುತ್ತಾರೆ. ಚಿವುಟಿದಷ್ಟೂ ಗಿಡ ಕವಲೊಡೆಯುತ್ತದೆ. ಅತ್ತೆ ಅದನ್ನು ಒಣಗಿಸಿ ಬೀಗರಿಗೆಲ್ಲ ಕಳಿಸುವವಳು. ಪಲ್ಲೆ ತಪ್ಪುವುದಕ್ಕಿಂತ, ತನ್ನ ಮಾತನ್ನು ಹೆಂಡತಿ ಸುಳ್ಳೆಂದಳಲ್ಲ ಎಂಬುದೇ ಮಾವನಿಗೆ ಚುಚ್ಚಿತ್ತು.

ನಾನು ಯಾರ ಮಾತನ್ನೂ ಸುಮ್ಮನೆ ನಂಬುವವನಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು. ಆಳಂದದ ಹಿರೋಳ್ಳಿ, ನರೋಣಾ ಹೊಲಗಳ ಮಣ್ಣಿನಲ್ಲಿ, ಜೇವರ್ಗಿ ಕಡೆಯ ಭೀಮೆಯ ಕೆಸರಿನಲ್ಲಿ ಉಳಿದ ಕೀಟನಾಶಕ ಅಳೆಯುವುದು ನನ್ನ ಸಂಶೋಧನೆ. ನಾನು ಹುಡುಕುತ್ತಿದ್ದ, ಈ ಊರಲ್ಲೂ ಹೊಡೆಯುವ ಔಷಧದ ಅಣುವಿಗೆ ಎರಡು ರೂಪ.

“ಎಡಗಾಲ ಚಪ್ಪಲಿ, ಬಲಗಾಲ ಚಪ್ಪಲಿ ಇದ್ದಂಗ, ಮಾವಾ. ಚರ್ಮ ಒಂದೇ, ಅಳತಿ ಒಂದೇ, ಕಾಲು ಬ್ಯಾರೆ. ಡಬ್ಬಿಯಾಗ ಎರಡೂ ಸಮ ಇರ್ತಾವ. ಮಣ್ಣಾಗಿನ ಸೂಕ್ಷ್ಮಜೀವಿ ಒಂದನ್ನ ಜಲ್ದಿ ತಿಂತಾವ, ಇನ್ನೊಂದು ಉಳೀತದ. ಸಮ ಇದ್ರ ಹೊಸಾದು, ಏರುಪೇರಾಗಿದ್ರ ಹಳೇದು.”

“ಹುಳಕ್ಕೂ ರುಚಿ ತಿಳೀತದ,” ಅಂದಳು ಅತ್ತೆ, ಗೋಡೆ ನೋಡುತ್ತ. “ಮನಷ್ಯಾರಿಗಿ ಇಲ್ಲ.”

“ಹೋದ ವರ್ಷ ತೊಗರಿಗಿ ಹೊಡೆದದ್ದು ಒಪ್ತೇನಿ,” ಅಂದ ಮಾವ. “ನಂದೊಂದೇ ಹೊಲ ನೋಡು, ಸಾಕು.”

ಸಾಲದು ಅಂದೆ. ಅದೇ ಪಂಪಿನಿಂದ ಈಗಷ್ಟೇ ಔಷಧ ಕಂಡ ಬಾಜೂ ಹೊಲ ಇದೆ. ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ತೀರ್ಪು. “ವಕೀಲ ಬಂದಾನ,” ಎಂದು ಗೊಣಗುತ್ತಲೇ ಮಾವ ಬಾಜೂದವರನ್ನು ಕೇಳಿ ಒಪ್ಪಿಸಿದ. ಎರಡೂ ಹೊಲಗಳಲ್ಲಿ ಹತ್ತಾರು ಕಡೆ ಅಗೆದು, ಹೊಲಕ್ಕೊಂದರಂತೆ ಕಲಸಿ, ಐಸ್ ಡಬ್ಬಿಗೆ ಹಾಕಿದೆ. ಅದರಲ್ಲೇ ಅತ್ತೆ ಮೊಸರಿನ ಗಡಿಗೆ ಇಡಲು ಬಂದಳು. ಬೇಡವೆಂದೆ.

“ಮಣ್ಣಿಗಿ ಥಂಡ ಬೇಕು, ಮೊಸರಿಗಿ ಬ್ಯಾಡೇನು?”

ಈ ವಾದದಲ್ಲಿ ಗೆಲ್ಲಲು ನನಗೆ ಬಹಳ ಹೊತ್ತು ಹಿಡಿಯಿತು.

ಕಲಬುರಗಿಯ ಪ್ರಯೋಗಾಲಯದ ಯಂತ್ರ ಎರಡು ರೂಪಗಳನ್ನು ಬೇರ್ಪಡಿಸಿ, ತೆರೆಯ ಮೇಲೆ ಎರಡು ಶಿಖರ ಬಿಡಿಸಿತು. ಬಾಜೂ ಹೊಲದವು ಸರಿಸಮ. ಮಾವನ ಹೊಲದ್ದು ಒಂದು ಗುಡ್ಡ, ಪಕ್ಕದಲ್ಲೊಂದು ಹುತ್ತ. ನದಿಯ ಹಳೆಯ ಕೆಸರಿನ ಹಾಗೆಯೇ. ಮಾವ ಗೆಲ್ಲಲಿ ಎಂದು ನನಗೇ ಆಸೆ ಇದ್ದದ್ದರಿಂದ ಫಲಿತಾಂಶದ ಮೇಲೆ ಅನುಮಾನ ಬಂತು. ಮತ್ತೆ ಮಾಡಿದೆ. ಅದೇ ಬಂತು.

ಕುಡಿ ಚಿವುಟುವ ಹೊತ್ತಿಗೆ ಹೋಗಿ ಹೇಳಿದೆ. ಮಾವ ಟವೆಲ್ ಹೆಗಲಿಗೇರಿಸಿದ.

“ನಿಮ್ಮ ಅತ್ತಿಗ ಕೇಳು, ಕಿವಿಗಿ ಬಿತ್ತೇನು ಅಂತ.”

“ಬಿತ್ತು. ಅವರು ಸುಳ್ಳ ಹೇಳಿಲ್ಲ ಅನ್ನು.”

ಅಲ್ಲಿಗೇ ಬಿಡಬಹುದಿತ್ತು. “ಇನ್ನೊಂದು ಮಾತದ,” ಅಂದೆ. “ಹಳೇದು ಖರೆ, ಆದ್ರ ಔಷಧ ಇನ್ನೂ ಅದ. ನಾ ನೋಡಿದ್ದು ಮಣ್ಣು. ಎಲಿ ನೋಡಿಲ್ಲ.”

“ಗೆದ್ದ ಕೇಸಿನಾಗ ಯಾಕ ಬಾಯಿ ಹಾಕ್ತಿಲೇ?”

ಅತ್ತೆ ಎದ್ದು ಹೊಲದ ಹಾದಿ ಹಿಡಿದಳು. ಹಿಂದೆ ಮಾವ, ಅವನ ಹಿಂದೆ ನಾನು. ಅವಳು ಕುಡಿ ಚಿವುಟಿ, ಉಡಿ ಅರ್ಧ ತುಂಬಿದ ಮೇಲೆ ಅಷ್ಟನ್ನೂ ನನ್ನ ಚೀಲಕ್ಕೆ ಸುರಿದಳು.

“ತಪಾಸ ಮಾಡಿ ಹೇಳು. ಅಲ್ಲೀತನಕ ಯಾರೂ ಬಾಯಿಗಿ ಹಾಕಂಗಿಲ್ಲ.”

ಮಾವ ಆಗಲೇ ಒಂದು ಕುಡಿ ಜಗಿಯುತ್ತಿದ್ದ. ಅತ್ತೆ ನನ್ನ ಕಡೆ ತಿರುಗಲಿಲ್ಲ. ಅವನ ಮುಖವನ್ನೇ ನೋಡಿ, “ಉಗುಳ್ರಿ,” ಅಂದಳು.

ಮಾವ ಉಗುಳಿದ. ಅಷ್ಟು ಖುಷಿಯಿಂದ ಯಾರಾದರೂ ಉಗುಳಿದ್ದನ್ನು ನಾನು ನೋಡಿಲ್ಲ.