ಆ ಮ್ಯಾಟಿನಿಯ ಕೊನೆಯ ರೀಲು

ಏನನ್ನಾದರೂ ಗಮನವಿಟ್ಟು ನೋಡುವಾಗ ಅವರ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕುತ್ತಿಗೆ ತುಸು ಮುಂದಕ್ಕೆ ಬಾಗಿ, ಬಲಗಣ್ಣೊಂದೇ ಕೆಲಸಕ್ಕಿಳಿಯುತ್ತಿತ್ತು. ಪೇಪರು ಓದುವಾಗಲೂ ಹಾಗೆ, ಬಂಗುಡೆ ತಾಜಾ ಹೌದೋ ಅಲ್ಲವೋ ಎಂದು ಕಿವಿರು ಎತ್ತಿ ನೋಡುವಾಗಲೂ ಹಾಗೆ. ಕುಂದಾಪುರದ ಹಳೆಯ ಟಾಕೀಸಿನ ಪ್ರೊಜೆಕ್ಟರ್ ಕೋಣೆಯಲ್ಲಿ, ಅಂಗೈಯಗಲದ ಕಿಂಡಿಯಿಂದ ನಲವತ್ತು ವರ್ಷ ಪರದೆ ನೋಡಿದ ಕಣ್ಣು ಅದು. ಊರಿಗೆಲ್ಲ ಅವರು ‘ಆಪರೇಟ್ರು’.

ಕಾಲೇಜು ದಿನಗಳಲ್ಲಿ ನಾನು ಅವರನ್ನು ಕಂಡದ್ದಿಲ್ಲ. ತಲೆಯ ಮೇಲೆ ಹಾದುಹೋಗುವ ಅವರ ಬೆಳಕನ್ನಷ್ಟೇ ಕಂಡಿದ್ದೆ. ಪರಿಚಯವಾದದ್ದು ಟಾಕೀಸು ಮುಚ್ಚಿ ಎಷ್ಟೋ ವರ್ಷಗಳ ಮೇಲೆ. ಆಗ ನಾನು ಬ್ರಹ್ಮಾವರದಲ್ಲಿ ಪಾಠ ಹೇಳುತ್ತಿದ್ದೆ. ಜನಪ್ರಿಯ ಸಿನಿಮಾದ ಬಗ್ಗೆ ಪ್ರಬಂಧ ಬರೆದು ಡಾಕ್ಟರೇಟು ಪಡೆದವನು. ಪ್ರಬಂಧ ಬರೆಯಲು ಎಷ್ಟು ಬೇಕೋ ಅಷ್ಟೇ ಸಿನಿಮಾ ನೋಡಿದವನು ಎಂಬುದನ್ನೂ ಹೇಳಿಬಿಡುವುದು ಒಳ್ಳೆಯದು. ಒಂದು ಪತ್ರಿಕೆಯವರು ನನ್ನಿಂದ ಕೈಪಿಡಿಯಂಥ ಲೇಖನ ಕೇಳಿದ್ದರು: ಭಾರತದ ಜನಪ್ರಿಯ ಸಿನಿಮಾಗಳನ್ನು ಈವರೆಗೆ ನೋಡದವರು ಈಗ ಒಟಿಟಿಯಲ್ಲಿ ಎಲ್ಲಿಂದ ಶುರು ಮಾಡಬೇಕು, ಹೇಗೆ ನೋಡಬೇಕು ಎಂದು. ಬಸ್ರೂರಿನ ಸಹೋದ್ಯೋಗಿಯೊಬ್ಬರು, “ನಮ್ಮ ನೆರೆಮನೆಯ ಆಪರೇಟ್ರಿಗೆ ಒಮ್ಮೆ ತೋರಿಸಿ” ಅಂದರು. ಹೋದೆ.

ಹೋದಾಗ ಅವರು ಟಿವಿಯ ಮುಂದೆ ಕೂತಿದ್ದರು. ಮಗಳು ಒಟಿಟಿ ಹಾಕಿಸಿಕೊಟ್ಟಿದ್ದಳು. ತಾವು ತೋರಿಸಿದ ಸಿನಿಮಾಗಳನ್ನೆಲ್ಲ ಒಂದೊಂದಾಗಿ ಹುಡುಕಿ ನೋಡುತ್ತಿದ್ದರು.

“ಇವನ್ನೆಲ್ಲ ನೀವು ಎಷ್ಟ್ ಸಲ ಕಂಡಿರ್ಬೌದ್?” ಎಂದು ಕೇಳಿದೆ.

“ಎಂತ ಕಾಂಬುದ್ ಮಾಷ್ಟ್ರೆ! ನಲ್ವತ್ತ್ ವರ್ಷ ತೋರ್ಸಿದೆ, ಒಂದನ್ನೂ ಪೂರ್ತಿ ಕಾಣ್ಲಿಲ್ಲ. ಇತ್ಲಾಗ್ ರೀಲ್ ಸುತ್ತ್ಕ್, ಅತ್ಲಾಗ್ ಬೆಳ್ಕ್ ಆರ್ದಾಂಗ್ ಕಾರ್ಬನ್ ಕಡ್ಡಿ ಕಾಣ್ಕ್. ನಾಯಕಿ ಎಂತಕ್ಕೆ ಮರ್ಕುದ್ ಅಂತ ಈಗ ಗೊತ್ತಾತ್ ಇತ್ತ್.”

ನಾಯಕಿಯ ಅಳುವಿನ ಮಾತು ಕೇಳಿ ಒಳಗಿನಿಂದ ಅವರ ಹೆಂಡತಿ ಕೂಗಿದರು: “ಹ್ವಾಯ್, ನಾನ್ ಎಂತಕ್ಕೆ ಮರ್ಕುದ್ ಅಂತ ಯಾವತ್ತ್ ಗೊತ್ತಾಪ್ದ್ ನಿಮ್ಗೆ?”

ನನ್ನ ಕೈಪಿಡಿ ಯಾರಿಗಾಗಿ ಬರೆದದ್ದೋ ಆ ಹೊಸಬ ಇವರೇ ಎಂದು ನನಗೆ ಆಗ ಹೊಳೆಯಿತು. ಕರಡನ್ನು ಕೊಟ್ಟೆ. ದಶಕ, ಭಾಷೆ, ನಿರ್ದೇಶಕ ಎಂದು ಮೂರು ಕಾಲಮ್ಮು ಎಳೆದು, ಪ್ರತಿ ಚಿತ್ರದ ಎದುರು ಅದರಲ್ಲಿ ಏನನ್ನು ಅಧ್ಯಯನ ಮಾಡಬೇಕೆಂದು ಬರೆದಿದ್ದೆ. ಅವರು ಎಡಗಣ್ಣು ಮುಚ್ಚಿ ಕೊನೆಯವರೆಗೂ ಓದಿದರು.

“ಇದ್ ಮದ್ದಿನ್ ಚೀಟಿ ಕಂಡಾಂಗ್ ಇತ್ತಲೆ ಮಾಷ್ಟ್ರೆ. ಊಟಕ್ಕಿಂತ ಮೊದ್ಲ್ ಒಂದ್, ಊಟ ಆದ್ಮೇಲ್ ಒಂದ್.”

“ಹಾಂಗಾರೆ ನೀವೇ ಹೇಳಿ, ಎಲ್ಲಿಂದ ಶುರು ಮಾಡ್ಕ್?”

“ಯಾವ್ ಪದ್ಯ ನಿಮ್ಗ್ ಬಾಯಿಗ್ ಬತ್ತೋ ಆ ಸಿನ್ಮಾದಿಂದ. ಅದೇ ಕತೆ ಮತ್ತೊಂದ್ ಭಾಷೆಲೂ ತೆಗ್ದಿರ್ತ್ರ್, ಮರ್ದಿನ ಅದನ್ನ್ ಕಾಣಿ. ಯಾವ್ ಊರವ್ರ್ ಎಲ್ಲಿ ಮರ್ಕ್ತ್ರ್, ಎಲ್ಲಿ ನೆಗಾಡ್ತ್ರ್ ಅಂತ ಗೊತ್ತಾತ್ತ್. ಡಬ್ಬಿಂಗ್ ಬ್ಯಾಡ. ಕೆಳ್ಗ್ ಅಕ್ಷರ ಹಾಯ್ಕಂಡ್ ಕಾಣಿ. ಹತ್ತ್ ಸೆಕೆಂಡ್ ಮುಂದ್ ಹಾರುಕೆ ಒಂದ್ ಗುಂಡಿ ಇತ್ತಲೆ, ಪದ್ಯ ಬಪ್ಪತಿಗೆ ಅದನ್ನ್ ಒತ್ತುಕಾಗ. ಮತ್ತೆ, ಅರ್ಧಕ್ಕ್ ನಿಲ್ಸಿ ಚಾ ಕುಡಿನಿ. ನಮ್ ಸಿನ್ಮಾದವ್ರ್ ಇಂಟ್ರವಲ್ಲಿಗೇ ಅಂತ ಅರ್ಧ ಕತೆ ಬರ್ದಿರ್ತ್ರ್. ನೀವ್ ಏಳ್ದಿರೆ ಅವ್ರ್ ಬರ್ದದ್ದ್ ದಂಡ.”

ನಾನು ಕಾಲಮ್ಮುಗಳನ್ನು ಹೊಡೆದುಹಾಕಿ ಅವರು ಹೇಳಿದ್ದನ್ನು ಬರೆದುಕೊಂಡೆ. ವಿಶ್ವವಿದ್ಯಾಲಯದಲ್ಲಿ ಯಾರೂ ನನಗೆ ಇಷ್ಟು ಬೇಗ ಇಷ್ಟು ಕಲಿಸಿರಲಿಲ್ಲ. ಖುಷಿಯಲ್ಲಿ, ನಿಮ್ಮದೇ ಟಾಕೀಸಿನಲ್ಲಿ ಕಂಡ ಒಂದು ಚಿತ್ರದಿಂದ ಲೇಖನ ಶುರು ಮಾಡುತ್ತೇನೆ ಎಂದೆ. ಸಮುದ್ರಕ್ಕೆ ಹೋಗುವ ಅಣ್ಣತಮ್ಮಂದಿರ ಕತೆ ಅದು. ಕೊನೆಯಲ್ಲಿ ಬಿಳಿ ಅಂಗಿ ತೊಟ್ಟ ತಮ್ಮ ಬಿರುಗಾಳಿಯೊಳಗೆ ದೋಣಿ ಇಳಿಸುತ್ತಾನೆ. ಮರಳಿ ದಡಕ್ಕೆ ಬರುವಾಗ ಮೈಮೇಲೆ ಕೆಂಪು ಬನಿಯನ್ನು. ಸಮುದ್ರದ ಮಧ್ಯೆ ಬಟ್ಟೆಯಂಗಡಿ ಎಲ್ಲಿತ್ತು? ಜನಪ್ರಿಯ ಸಿನಿಮಾದ ಬೇಜವಾಬ್ದಾರಿಗೆ ಉದಾಹರಣೆಯಾಗಿ ಇದನ್ನು ನಾನು ಪ್ರಬಂಧದಲ್ಲಿ ಬರೆದಿದ್ದೆ. ತರಗತಿಯಲ್ಲಿ ವರ್ಷಕ್ಕೊಮ್ಮೆಯಾದರೂ ಹೇಳಿ ಮಕ್ಕಳನ್ನು ನಗಿಸುತ್ತಿದ್ದೆ.

ಆಪರೇಟ್ರು ನಗಲಿಲ್ಲ. “ಹೌದಾ,” ಅಂದು, ಬೈಂದೂರಿನ ಟಾಕೀಸಿಗೆ ಬಸ್ಸಿನಲ್ಲಿ ರೀಲಿನ ಪೆಟ್ಟಿಗೆ ಕಳಿಸುತ್ತಿದ್ದ ಕತೆ ತೆಗೆದರು.

ಅದೇ ವಾರ ಆ ಚಿತ್ರವನ್ನು ಒಟಿಟಿಯಲ್ಲಿ ಹುಡುಕಿ, ಕೊನೆಯ ಭಾಗವನ್ನಷ್ಟೇ ನೋಡಿದೆ. ಬಿಳಿ ಅಂಗಿ ತೊಟ್ಟ ತಮ್ಮ ಬಿರುಗಾಳಿಗೆ ಇಳಿದ. ಮುಳುಗಿದ. ಹೆಣ ದಡಕ್ಕೆ ಬಂತು. ತಾಯಿ ಅದರ ಮೇಲೆ ಬಿದ್ದು ಅತ್ತಳು. ಚಿತ್ರ ಮುಗಿಯಿತು.

ಹಿಂದೆ ಹಾಕಿ ಇನ್ನೊಮ್ಮೆ ನೋಡಿದೆ. ಅವನು ಮರಳುವುದೇ ಇಲ್ಲ.

ಸಂಶಯ ಪಡುವುದು ನನ್ನ ಕಸುಬು. ನೆನಪು ಪುರಾವೆಯಲ್ಲ ಎಂದು ಮಕ್ಕಳಿಗೆ ಹೇಳಿಕೊಟ್ಟವನೂ ನಾನೇ. ಆದರೆ ಆ ದಿನದ ಸಂಶಯಕ್ಕೆ ಬೇರೆ ಬಣ್ಣವಿತ್ತು. ನನ್ನ ತಾಯಿ ಕೊನೆಯ ವರ್ಷಗಳಲ್ಲಿ ನಡೆಯದ್ದನ್ನು ನಡೆಯಿತೆಂದು ಹೇಳುತ್ತಿದ್ದರು. ಬಣ್ಣ, ಬಟ್ಟೆ, ಬಿಸಿಲು ಸಮೇತ ಹೇಳುತ್ತಿದ್ದರು. ಶುರುವಾದದ್ದು ಹೀಗೇ, ಒಂದು ಚಿಕ್ಕ ಸಂಗತಿಯಿಂದ, ಹೆಚ್ಚುಕಡಿಮೆ ನನ್ನ ಈಗಿನ ವಯಸ್ಸಿನಲ್ಲೇ. ಕೆಂಪು ಬನಿಯನ್ನು ನನಗೆ ಅಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು. ಲೇಖನ ಬದಿಗಿಟ್ಟೆ. ಪಾಠದಲ್ಲಿ ಒಂದೊಂದು ವಾಕ್ಯವನ್ನೂ ಪುಸ್ತಕ ನೋಡಿ ಹೇಳತೊಡಗಿದೆ. ಹೆಂಡತಿಗೂ ತಿಳಿಸಲಿಲ್ಲ.

ಬಸ್ರೂರಿಗೆ ಮತ್ತೆ ಹೋದದ್ದು, ಲೇಖನಕ್ಕೆಂದು ಅವರು ಕೊಟ್ಟಿದ್ದ ಹಳೆಯ ಪೋಸ್ಟರೊಂದನ್ನು ಮರಳಿಸಲು. ಬೆಳಿಗ್ಗೆ ಹತ್ತು ಗಂಟೆಯಿರಬೇಕು. ಪೋಸ್ಟರು ಕೊಟ್ಟೆನೋ, ಬ್ಯಾಗಿನಲ್ಲೇ ಮರೆತೆನೋ, ಅದು ಖಚಿತವಿಲ್ಲ. ಅವರ ಮಾತು ಖಚಿತ.

“ಎಂತ ಮಾಷ್ಟ್ರೆ, ಮೋರೆ ಇಷ್ಟ್ ಸಣ್ಣ?”

ಹೇಳಿಬಿಟ್ಟೆ. ಸಿನಿಮಾದ ವಿಷಯ, ತಾಯಿಯ ವಿಷಯ, ಡಾಕ್ಟರಿಗೆ ತೋರಿಸುವ ಯೋಚನೆಯಿದೆ ಎಂಬ ವಿಷಯ. ಅವರು ರಿಮೋಟು ಕೆಳಗಿಟ್ಟರು.

“ನೀವ್ ಕಂಡದ್ದ್ ಯಾವ್ ಆಟ?”

“ಮ್ಯಾಟಿನಿ. ಭಾನುವಾರ ಇರ್ಕ್.”

“ಭಾನ್ವಾರವೇ. ಡಾಕ್ಟ್ರ್ ಬ್ಯಾಡ. ನಿಮ್ ತಲೆ ಸಮ ಇತ್ತ್. ಅದನ್ನ್ ಕತ್ತರ್ಸಿದ್ದ್ ನಾನ್.”

ಅವರ ಮನೆಗೆ ದಿನಾ ಮೀನು ತರುತ್ತಿದ್ದ, ಕಡಲ ದಡದ ಕೋಡಿ ಊರಿನ ಹೆಂಗಸೊಬ್ಬಳಿದ್ದಳು. ಚಿತ್ರ ಬರುವ ಆರು ತಿಂಗಳ ಹಿಂದೆ ಅವಳ ಮಗ ಸಮುದ್ರಕ್ಕೆ ಹೋದವನು ಬಂದಿರಲಿಲ್ಲ. ಹೆಣವೂ ಸಿಕ್ಕಿರಲಿಲ್ಲ. ಅವಳು ಮನೆಯಿಂದ ಹೊರಬೀಳುವುದನ್ನೇ ಬಿಟ್ಟಿದ್ದಳು. ಆ ಭಾನುವಾರ ತಂಗಿಯರು ಒತ್ತಾಯ ಮಾಡಿ, ಕತೆ ಏನೆಂದು ತಿಳಿಯದೆ, ಅವಳನ್ನು ಸಿನಿಮಾಕ್ಕೆ ಕರೆತಂದಿದ್ದರು. ಇಂಟರ್ವಲ್ಲಿನಲ್ಲಿ ದೀಪ ಹತ್ತಿದಾಗ ಆಪರೇಟ್ರು ಕಿಂಡಿಯಿಂದ ಅವಳನ್ನು ಕಂಡರು.

“ಮುಂದಿನ ಬೆಂಚಲ್ ಕೂಕಂಡಿದ್ಳ್. ಕೊನೆ ರೀಲಲ್ ಎಂತ ಇತ್ತ್ ಅಂತ ನಂಗ್ ಗೊತ್ತಿತ್ತ್. ಮೊದ್ಲಿನರ್ಧದಗೆ ಆ ತಮ್ಮ ಒಂದ್ಸಲ ಮೀನ್ ಹಿಡ್ಕಂಡ್ ಬತ್ತ, ಅಬ್ಬಿ ದಡದ್ ಮೇಲ್ ಓಡ್ತ್ಳ್, ಅಲ್ದಾ? ಆ ತುಂಡ್ ಕತ್ತರ್ಸಿ ಕೊನೆಗ್ ಅಂಟ್ಸಿದೆ. ಹೆಣ ಬಪ್ಪುದನ್ನ್ ತೆಗ್ದಿಟ್ಟೆ. ಒಂದೇ ಆಟಕ್ಕೆ. ಸಂಜಿ ಆಟಕ್ಕೆ ವಾಪಾಸ್ ಸಮ ಮಾಡ್ದೆ.”

ಆಗ ನೆನಪಾಯಿತು: ತಾಯಿ ದಡದಲ್ಲಿ ಓಡುವ ಆ ಮೊದಲರ್ಧದ ದೃಶ್ಯದಲ್ಲಿ ತಮ್ಮ ತೊಟ್ಟದ್ದು ಕೆಂಪು ಬನಿಯನ್ನು.

“ಒಮ್ಮೆ ಕಂಡದ್ನೇ ಮತ್ತೆ ತೋರ್ಸಿದ್ರೂ ಯಾರಿಗೂ ಗೊತ್ತಾಯ್ಲಿಲ್ವಾ?”

“ಸೀಟಿ ಹೊಡ್ದ್ರ್! ಜನ ಕತೆ ಕಾಂತ್ರ್ ಮಾಷ್ಟ್ರೆ, ಅಂಗಿ ಕಾಂಬುದಿಲ್ಲ. ಇಡೀ ಟಾಕೀಸಲ್ ಅಂಗಿ ಕಂಡದ್ದ್ ನೀವೊಬ್ರೇ.”

ಅವರ ಹೆಂಡತಿ ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. “ನಂಗೂ ಹೇಳ್ಲಿಲ್ಲ ಕಾಣಿ ಇವ್ರ್,” ಅಂದರು ನನಗೆ.

“ಹೇಳುಕೆ ಎಂತ ಇತ್ತ್? ಆಪರೇಟ್ರ್ ಆದವ್ನ್ ಫಿಲ್ಮಿಗ್ ಕತ್ತರಿ ಹಾಕುಕಾಗ. ಆವತ್ತ್ ಅವ್ಳ್ ನೆಗಾಡ್ಕಂಡ್ ಹೊರ್ಗ್ ಹೋದ್ಳ್. ಮತ್ತೆ ಎಷ್ಟೋ ವರ್ಷ ಮಗ ಬತ್ತ, ಮಗ ಬತ್ತ ಅಂತ ಕಾದ್ಳ್. ನಾನ್ ತೋರ್ಸಿದ್ದಕ್ಕೆ ಕಾದ್ಳಾ, ತೋರ್ಸ್ದೇ ಇದ್ರೂ ಕಾಯ್ತಿದ್ಳಾ, ಯಾರನ್ ಕೇಂಬುದ್?”

ನಾನು ರಿಮೋಟು ಎತ್ತಿಕೊಂಡೆ. ಮೂವರೂ ಕೂತು ಆ ಚಿತ್ರವನ್ನು ಮೊದಲಿನಿಂದ ನೋಡಿದೆವು. ಹಾಡು ಹಾರಿಸಲಿಲ್ಲ. ಅರ್ಧಕ್ಕೆ ನಿಲ್ಲಿಸಿ ಇನ್ನೊಮ್ಮೆ ಚಹಾ ಕುಡಿದೆವು. ಹೆಣ ದಡಕ್ಕೆ ಬಂದು ತಾಯಿ ಮರಳಿನಲ್ಲಿ ಹೊರಳಾಡುವಾಗ ಆಪರೇಟ್ರು ಅಲ್ಲಾಡದೆ ಕೂತಿದ್ದರು. ಆ ದೃಶ್ಯವನ್ನು ಪೂರ್ತಿಯಾಗಿ ಅವರು ನೋಡಿದ್ದು ಅದೇ ಮೊದಲು.

“ಎಷ್ಟ್ ಚಂದ ತೆಗ್ದಿದ್ರ್,” ಅಂದರು. ಖಾಲಿ ಲೋಟ ಬದಿಗಿಟ್ಟು, “ಇದಕ್ಕೆ ಕತ್ತರಿ ಹಾಕಿದ್ದ್ ತಪ್ಪೇ. ಆದ್ರೂ ಆ ಆಟ ಮತ್ತೆ ಬಂದ್ರೆ ಮತ್ತೆ ಹಾಕ್ತೆ.”

ಇಷ್ಟು ನೇರವಾಗಿ ತನ್ನ ತಪ್ಪನ್ನು ಒಪ್ಪಿ, ಅದರ ಜೊತೆಗೇ ನಿಂತುಕೊಂಡ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ನನ್ನ ಓದು ನನಗೆ ಕೊಟ್ಟದ್ದು ದೋಷ ಕಾಣುವ ಕಣ್ಣು. ದೋಷ ಕಂಡದ್ದು ನಿಜವೇ ಆಗಿತ್ತು. ಅದರ ಹಿಂದೆ ಕತ್ತರಿ ಹಿಡಿದ ಒಂದು ಕೈ ಇದ್ದೀತೆಂದು ಅಷ್ಟು ವರ್ಷ ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಸಂಶಯ ಪಡಬೇಕಾದ ಜಾಗದಲ್ಲಿ ನಾನು ಪಾಠ ಹೇಳುತ್ತಿದ್ದೆ.

ಲೇಖನ ಮುಗಿಸಿದೆ. ಅವರ ಮಾತುಗಳೆಲ್ಲ ಅದರಲ್ಲಿ ಬಂದವು. ಚಿತ್ರದ ಎರಡೂ ಕೊನೆಗಳನ್ನು ಬರೆದು, ಒಟಿಟಿಯಲ್ಲಿ ಸಿಗುವುದು ಒಂದು ಸಿನಿಮಾದ ಒಂದು ಪ್ರತಿ ಮಾತ್ರ, ನಿಮ್ಮೂರಿನ ಹಿರಿಯರು ಕಂಡದ್ದು ಬೇರೆ ಇದ್ದೀತು, ಕೇಳಿ ನೋಡಿ ಎಂದು ಹೊಸಬರಿಗೆ ಸೂಚಿಸಿದೆ. ಪತ್ರಿಕೆಯವರು ಎರಡನೆಯ ಕೊನೆಯನ್ನು ತೆಗೆದುಹಾಕಿದರು. ಪರಿಶೀಲಿಸಲು ಆಧಾರವಿಲ್ಲ ಎಂದರು. ಅವರ ಜಾಗದಲ್ಲಿದ್ದರೆ ನಾನೂ ತೆಗೆಯುತ್ತಿದ್ದೆ. ಬೇಸರದಿಂದ ಆಪರೇಟ್ರಿಗೆ ಫೋನು ಮಾಡಿದೆ.

“ಕತ್ತರ್ಸಿದ್ರಾ?” ಎಂದು ದೊಡ್ಡದಾಗಿ ನಕ್ಕರು. “ಬಿಡಿ ಮಾಷ್ಟ್ರೆ. ಅವ್ರ್ ಮುಂದಿನ ಬೆಂಚಲ್ ಯಾರ್ ಕೂಕಂಡಿದ್ರೋ ನಮ್ಗೆಂತ ಗೊತ್ತ್?”

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಆ ಚಿತ್ರ ಈಗಲೂ ಒಟಿಟಿಯಲ್ಲಿದೆ. ಯಾರು ಹಾಕಿದರೂ ತಮ್ಮ ಮುಳುಗುತ್ತಾನೆ. ಅದಕ್ಕೆ ವಿರುದ್ಧವಾಗಿ ನನ್ನ ಹತ್ತಿರ ಯಾವ ಪುರಾವೆಯೂ ಇಲ್ಲ. ಆದರೂ ಈ ವರ್ಷ ತರಗತಿಯಲ್ಲಿ ಪುಸ್ತಕ ಮುಚ್ಚಿಟ್ಟು ಹೇಳಿದೆ: ಕುಂದಾಪುರದ ಒಂದು ಭಾನುವಾರದ ಮ್ಯಾಟಿನಿಯಲ್ಲಿ ಅವನು ಕೆಂಪು ಬನಿಯನ್ನು ತೊಟ್ಟು ಮರಳಿ ಬಂದ. ನಾನು ನೋಡಿದ್ದೇನೆ.