ಟ್ಯಾಂಕಿನ ಮೇಲಿನ ಕೆಸರು

ಅವರ ಎಡಗೈ ಹೆಬ್ಬೆರಳಿನ ಉಗುರು ಸದಾ ಮಿಲಿಟರಿ ಹಸಿರು. ಬೆರೆಸಿದ ಬಣ್ಣವನ್ನು ಮೊದಲು ಅಲ್ಲಿ ಹಚ್ಚಿ ನೋಡುತ್ತಿದ್ದರು. ಸೈನ್ಯದಲ್ಲಿ ಟ್ಯಾಂಕ್ ರಿಪೇರಿ ಮಾಡಿ ನಿವೃತ್ತರಾಗಿ ಬಂದ ಅವರು ನಾಗಮಂಗಲದಲ್ಲಿ ನಮ್ಮ ಪಕ್ಕದ ಮನೆಯವರು. ನನಗೆ ಮೆಕ್ಯಾನಿಕ್ ತಾತ.

ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಚಿಮಟದಲ್ಲಿ ಹಿಡಿದು ಅಂಟಿಸಿ, ಅಂಗೈಯಗಲದ ಹಳೆಯ ಟ್ಯಾಂಕು, ವಿಮಾನಗಳನ್ನು ಮಾಡುತ್ತಿದ್ದರು. ಮಾಡಿದ್ದನ್ನು ಮಾಸಲಾಗಿಸಲು ಇನ್ನೂ ಹೆಚ್ಚು ದಿನ ಬೇಕು: ತುಕ್ಕು, ಹೊಗೆ, ಬಿಂಡಿಗನವಿಲೆಯ ಹೊಲದಿಂದ ತಂದು ಜರಡಿ ಹಿಡಿದ ಕೆಮ್ಮಣ್ಣು.

“ಹೊಳೆದ್ರೆ ಅದು ಶೋರೂಮ್ ಗಾಡಿ ಕಣಮ್ಮಿ. ಓಡಿರೋ ಗಾಡಿಗೆ ಕೆಸರಿರ್ತದೆ.”

ಬಣ್ಣ ತೆಳುವಾಗಿಸುವ ಥಿನ್ನರಿನ ಆವಿಗೂ ಬೆಂಕಿ ಹತ್ತುತ್ತದೆಂದು, ಬಣ್ಣದ ಕೆಲಸಕ್ಕೆ ಕಿಟಕಿ ತೆರೆದಿರಲೇಬೇಕು. ನಾನು ಮರೆತರೆ, “ಓದಿದೋಳು ನೀನು, ಥಿನ್ನರ್ ವಾಸ್ನೆ ಕುಡ್ದು ಸಾಯ್ತೀಯಾ?” ಎಂದು ಬೈಗುಳ.

ನಾನು ಪಾಠ ಮಾಡುತ್ತಿದ್ದ ಕಾಲೇಜಿನ ಪ್ರದರ್ಶನಕ್ಕೆ ಅವರನ್ನು ಕರೆದವಳು ನಾನೇ. ತಾವು ಮಾಡಿದ ಒಂದು ಟ್ಯಾಂಕನ್ನು ಹಿಂದಿನ ದಿನವೇ ಕೊಟ್ಟಿದ್ದರು. ಬೆಳಿಗ್ಗೆ ತಾತನ ಜೊತೆ ಹೋಗಿ ನೋಡಿದರೆ ಉಸ್ತುವಾರಿ ಅಧ್ಯಾಪಕರು “ಗಲೀಜಾಗಿದೆ” ಎಂದು ಕೆಸರನ್ನೆಲ್ಲ ಥಿನ್ನರಿನಲ್ಲಿ ಒರೆಸಿಸಿಬಿಟ್ಟಿದ್ದರು! ಡಬ್ಬಿ ಬಾಯಿ ತೆರೆದುಕೊಂಡು ಮೇಜಿನ ಮೇಲೇ ಇತ್ತು. ಪಕ್ಕದಲ್ಲಿ ಉದ್ಘಾಟನೆಯ ದೀಪ. ಅದು ಆರಬಾರದೆಂದು ಫ್ಯಾನು ನಿಲ್ಲಿಸಿ, ಕಿಟಕಿಗಳನ್ನೂ ಮುಚ್ಚಿಸಿದ್ದರು.

ತಾತ ಕೆಸರಿನ ಮಾತೇ ಎತ್ತಲಿಲ್ಲ. “ಸಾ, ದೀಪ ಅಂಟಿಸ್ಬ್ಯಾಡಿ. ಮೊದ್ಲು ಕಿಟಕಿ ತೆಗೆಸಿ.”

“ಐದು ನಿಮಿಷ ಸುಮ್ನಿರಿ ಯಜಮಾನ್ರೇ,” ಎಂದರು ಉಸ್ತುವಾರಿಯವರು. “ಆಟದ ಸಾಮಾನು ಜೋಡಿಸೋರಿಗೆ ಇಷ್ಟು ಭಯವಾ?”

ಯಾರೋ ನಕ್ಕರು. ನಾನು ನಗಲಿಲ್ಲ, ಎದ್ದು ಕಿಟಕಿಯನ್ನೂ ತೆರೆಯಲಿಲ್ಲ.

ಉಸ್ತುವಾರಿಯವರು ಕಡ್ಡಿ ಗೀರಿದ ಸದ್ದು ಈಗಲೂ ಕಿವಿಯಲ್ಲಿದೆ. ಮೇಜಿನ ಬಟ್ಟೆಯ ಉದ್ದಕ್ಕೂ ಬೆಂಕಿ ನನ್ನ ಸೀರೆಯ ಕಡೆಗೆ ಹರಿದು ಬಂತು. ಎಲ್ಲರೂ ಬಾಗಿಲಿಗೆ ನುಗ್ಗಿದರು, ಉಸ್ತುವಾರಿಯವರು ಎಲ್ಲರಿಗಿಂತ ಮೊದಲು. ತಾತ ನನ್ನನ್ನು ಆಚೆಗೆ ತಳ್ಳಿ, ಉರಿಯುವ ಡಬ್ಬಿಯನ್ನು ಬರಿಗೈಯಲ್ಲಿ ಎತ್ತಿಕೊಂಡು ಹಿಂಬಾಗಿಲಿನಿಂದ ಅಂಗಳಕ್ಕೆ ಓಡಿದರು.

ಆ ಬೆರಳುಗಳು ಮತ್ತೆ ಚಿಮಟ ಹಿಡಿಯಲಿಲ್ಲ. ಕಾಲೇಜು ಅದನ್ನು “ಸಣ್ಣ ಅಚಾತುರ್ಯ” ಎಂದು ಬರೆದುಕೊಂಡಿತು. ಬೇಡವೆಂದ ಮೇಲೂ ಗೀರಿದ ಕಡ್ಡಿ ಅಚಾತುರ್ಯವಂತೆ!

ಆಸ್ಪತ್ರೆಯಲ್ಲಿ ನಾನು ಅತ್ತಾಗ ತಾತ ಬ್ಯಾಂಡೇಜಿನ ಕೈ ಅಲ್ಲಾಡಿಸಿದರು. “ಅಳಬ್ಯಾಡ ಬುಡಮ್ಮಿ. ಆ ಟ್ಯಾಂಕಿಗೆ ಈಗ ನಿಜವಾದ ಮಸಿ ಹಿಡೀತು.”

ಗಾಯ ಪೂರ್ತಿ ಮಾಯುವ ಮೊದಲೇ ಹೋಗಿಬಿಟ್ಟರು.

ಅದೇ ಸಭಾಂಗಣದಲ್ಲಿ ಸಂತಾಪ ಸಭೆ. ಉಸ್ತುವಾರಿಯವರು ತಾತನ ಫೋಟೊ ಮುಂದೆ ದೀಪ ಇಟ್ಟು, ಫ್ಯಾನು ನಿಲ್ಲಿಸಲು ಹೇಳಿದರು. ನಾನು ಎದ್ದು ಹೋಗಿ ಅವರ ಕೈಯಿಂದ ಕಡ್ಡಿಪೆಟ್ಟಿಗೆ ಕಿತ್ತುಕೊಂಡೆ.

“ಇದೇನ್ರೀ ಅಪಶಕುನ!” ಎಂದರು.

ಅಂದು ತೆರೆಯದ ಕಿಟಕಿಗಳನ್ನು ಒಂದೊಂದಾಗಿ ತೆರೆಯುತ್ತಾ ಹೋದೆ.