ಬೆಕ್ಕಿಗೆ ಕೋಟು ಹೊಲಿದ ಚಾಚಾ

ಮೊನ್ನೆ ಶಹಾಪುರದಲ್ಲಿ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಹೋಗಿದ್ದೆ. ನನ್ನ ಕಾಲಿನ ಅಳತೆಗೆ ಯಾರೂ ಪ್ಯಾಂಟು ತಯಾರಿಸುವುದಿಲ್ಲ, ಅದು ಬೇರೆ ಮಾತು. ಅಂಗಡಿಯೊಳಗೆ ಕಾಲಿಟ್ಟದ್ದೇ ಮಷೀನಿನ ಎಣ್ಣೆಯ ವಾಸನೆ, ಇಸ್ತ್ರಿಯಡಿ ಬೆಂದ ಬಟ್ಟೆಯ ವಾಸನೆ... ಸುರಪುರದ ನಮ್ಮ ಓಣಿಯ ದರ್ಜಿ ಚಾಚಾ ಎದುರಿಗೆ ಬಂದು ನಿಂತಂತಾಯಿತು.

ಚಾಚಾ ಶೇರ್ವಾನಿ ಹೊಲಿಯುವುದರಲ್ಲಿ ಹೆಸರಾದವರು. ಒಂಟಿ ಜೀವ. ಮನೆಮಂದಿ ಎಂದರೆ ಬೇಗಂ ಎಂಬ ಬಿಳಿ ಬೆಕ್ಕು. ಮಧ್ಯಾಹ್ನ ಕತ್ತರಿಸುವ ಮೇಜಿನ ಮೇಲೆ ತಟ್ಟೆ ಇಟ್ಟು, ಮೂಗಿನಲ್ಲಿ ರಾಗ ಎಳೆದು, "ಬೇಗಂ ಸಾಬ್, ಖಾನಾ ತಯಾರ್!" ಎಂದರೆ ಅದು ಎಲ್ಲಿದ್ದರೂ ಒಂದೇ ನೆಗೆತಕ್ಕೆ ಮೇಜಿನ ಮೇಲಿರುತ್ತಿತ್ತು. ಓಣಿಯವರೆಲ್ಲರ ದನಿ ತೆಗೆದು ಥೇಟ್ ಅವರಂತೆಯೇ ಮಾತಾಡುತ್ತಿದ್ದ ನಾನು ಚಾಚಾರನ್ನೂ ಬಿಟ್ಟಿರಲಿಲ್ಲ. ನನ್ನ ಸ್ವಂತ ದನಿ ಕೇಳುವಂತಿಲ್ಲ, ಹೀಗಾಗಿ ಬೇರೆಯವರದ್ದರಲ್ಲೇ ನನ್ನ ಸಂಸಾರ.

ಒಮ್ಮೆ ಬೇಗಂನ ಗರ್ಭಕೋಶದಲ್ಲಿ ಕೀವು ತುಂಬಿತು. ಯಾದಗಿರಿಗೆ ಒಯ್ದು ಆಪರೇಷನ್ ಮಾಡಿಸಿದೆವು. ಹತ್ತು ದಿನ ನೆಗೆಯಬಾರದು, ಗಾಯ ನೆಕ್ಕಬಾರದು ಎಂದರು ಡಾಕ್ಟರು. ಚಾಚಾ ಶೇರ್ವಾನಿಯ ಒಳಪದರಕ್ಕೆ ಹಚ್ಚಿ ಉಳಿದ ಅಸ್ತರಿನಲ್ಲಿ ನಾಲ್ಕು ಕಾಲಿಗೆ ತೂತು ಬಿಟ್ಟು, ಬೆನ್ನ ಮೇಲೆ ಕಸೆ ಕಟ್ಟುವ ಕೋಟು ಹೊಲಿದರು.

"ನವಾಬರ ಸೊಸಿ ಆಗ್ಯಾಳ ನೋಡು," ಎಂದು ಹಿಗ್ಗಿದರು.

ಊಟವನ್ನು ಅದು ಮಲಗಿದ್ದ ಬುಟ್ಟಿಗೇ ಒಯ್ದು ಕೊಡುತ್ತಿದ್ದರು. ನೆಗೆದೀತೆಂಬ ಹೆದರಿಕೆಗೆ ಕೂಗುವುದನ್ನೇ ಬಿಟ್ಟಿದ್ದರು.

ಐದನೆಯ ದಿನ ನಮಾಜಿಗೆ ಹೊರಟಾಗ, "ಏಳಾಕ ಬಿಡಬ್ಯಾಡ ಮತ್ತ," ಎಂದು ನನ್ನನ್ನು ಕೂರಿಸಿ ಹೋದರು. ಅಷ್ಟರಲ್ಲಿ ಗೆಳೆಯನೊಬ್ಬ ಇಣುಕಿದ.

"ಲೇ ಮಂಗ್ಯಾ, ಚಾಚಾನ ದನಿ ತಗಿಯಲೇ ಒಂದ್ಸಲ!"

ತಡೆಯಲಾಗಲಿಲ್ಲ. ಚಾಚಾರ ದನಿಯಲ್ಲೇ "ಬೇಗಂ ಸಾಬ್, ಖಾನಾ ತಯಾರ್!" ಎಂದು ಕೂಗಿದೆ. ಮಲಗಿದ್ದ ಬೇಗಂ ಬುಟ್ಟಿಯಿಂದ ಮೇಜಿಗೆ ಹಾರಿತು... ಅರ್ಧಕ್ಕೇ ಬಿತ್ತು. ಮೇಜಿನ ಮೊಳೆಗೆ ಸಿಕ್ಕು ಕೋಟು ಹರಿದಿತ್ತು, ಅಸ್ತರು ಕೆಂಪಾಗುತ್ತಿತ್ತು. ಗೆಳೆಯ ಓಡಿದ.

"ಏನಾತೋ?" ಚಾಚಾ ಬಾಗಿಲಲ್ಲಿದ್ದರು.

"ತಾನೇ ಜಿಗೀತ್ರಿ ಚಾಚಾ. ಕೋಟಿನ ಹೊಲಿಗಿ... ಸಡ್ಲ ಇತ್ತು."

"ಸಡ್ಲ? ನನ್ನ ಹೊಲಿಗಿ?"

ಅವರು ಟವೆಲು ತರುವಷ್ಟರಲ್ಲಿ ನಾನು ಕೋಟು ಬಿಚ್ಚಿ ಚರಂಡಿಗೆ ಎಸೆದೆ.

ಮತ್ತೆ ಯಾದಗಿರಿ, ಮತ್ತೆ ಆಪರೇಷನ್. ಮೂರು ದಿನ ಬೇಗಂ ನೀರು ಮುಟ್ಟಲಿಲ್ಲ. ಚಾಚಾ ಹತ್ತಿಯನ್ನು ನೀರಲ್ಲಿ ಅದ್ದಿ ಬಾಯಿಗೆ ಹಿಂಡುತ್ತಾ ಕೂತರು. ನಾಲ್ಕನೆಯ ದಿನ ಅದು ಹತ್ತಿಯನ್ನೇ ಕಚ್ಚಿತು. ಬದುಕಿತು. ಬದುಕಿತಲ್ಲ, ಇನ್ನು ನಿಜ ಹೇಳಿ ಆಗಬೇಕಾದ್ದೇನು ಎಂದುಕೊಂಡೆ.

ಆದರೆ ಆ ತಿಂಗಳು ಮದುವೆಯ ಬಟ್ಟೆ ಹಿಡಿದು ಬಂದವರಿಗೆ ಚಾಚಾ ಗಂಟು ಮರಳಿಸಿದರು.

"ಬ್ಯಾರೆ ಕಡಿ ಕೊಡ್ರಿ. ಕೈ ಹೋಗ್ಯಾದ ನಂದು. ಬೆಕ್ಕಿನ ಕೋಟೇ ನಿಲ್ಲಲಿಲ್ಲ, ಮದುಮಗನದು ನಿಲ್ತದೇನ್ರಿ?"

ಬಂದವರು ನಕ್ಕರು. ಚಾಚಾ ಕೂಡ ನಕ್ಕರು. ಅಲ್ಲಿಂದ ಮುಂದೆ ಗುಂಡಿ ಹಚ್ಚುವುದು, ಹರಿದದ್ದು ಹೊಲಿಯುವುದು, ಅಷ್ಟೇ. ಹೇಳಿಬಿಡಬೇಕೆಂದು ಎಷ್ಟೋ ಸಲ ಹೊಸ್ತಿಲ ತನಕ ಹೋಗುತ್ತಿದ್ದೆ... ಯಾರದೋ ದನಿ ತೆಗೆದು, ಅವರನ್ನು ನಗಿಸಿ ವಾಪಸು ಬರುತ್ತಿದ್ದೆ.

ಹೋದ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು. ಬೇಗಂ ಈಗ ನಮ್ಮ ಮನೆಯಲ್ಲಿದೆ.

ಅಂದು ಹರಿದದ್ದು ಬರೀ ಬಟ್ಟೆ. ಹೊಲಿಗೆ ಒಂದೆಳೆಯೂ ಬಿಟ್ಟಿರಲಿಲ್ಲ. ಚರಂಡಿಗೆ ಎಸೆಯುವ ಮುಂಚೆ ನಾನು ಕಣ್ಣಾರೆ ನೋಡಿದ್ದೆ. ಕೇಳಬೇಕಾಗಿದ್ದವರು ಈಗಿಲ್ಲ.